ಎದುರು ನಿಲ್ಲುವವರಿಗೆ ಒಂದು ಸಹಿ

ಪ್ರೀತಿಯ ಗೆಳೆಯ ಹಮೀದ್ ಮಾಸ್ಟ್ರಿಗೆ, ನಿಮ್ಮ ಎದುರಾಳಿ ಶೇಷಪ್ಪ ಗೌಡನ ಸಲಾಂ.

ನಮ್ಮೂರಿನ ಹಾಲಿನ ಸೊಸೈಟಿಗೆ ನೀವು ಮೊದಲ ಸಲ ನಾಮಪತ್ರ ಹಿಡಿದುಕೊಂಡು ನನ್ನ ಜಗಲಿಗೆ ಬಂದದ್ದು ನೆನಪುಂಟಾ? ಸುಳ್ಯದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ, ಎರಡು ದನ ಕಟ್ಟಿಕೊಂಡು ಊರಿಗೆ ಬಂದಿದ್ದಿರಿ. ಅಧ್ಯಕ್ಷ ನಾನು. ಎಷ್ಟು ನಿರ್ದೇಶಕ ಸ್ಥಾನವೋ ಅಷ್ಟೇ ನಾಮಪತ್ರ, ಎಲ್ಲರೂ ಅವಿರೋಧ ಆಯ್ಕೆ, ಆಮೇಲೆ ಉಪ್ಪಿಟ್ಟು. ಊರಿಗೆ ಅದೇ ದೊಡ್ಡ ಹೆಮ್ಮೆ. ನೀವು ಒಂದು ನಾಮಪತ್ರ ಹೆಚ್ಚಿಗೆ ಹಾಕಿ ಓಟು ಮಾಡಿಸಲು ಹೊರಟಿರಿ. ಸೂಚಕನಾಗಿ ಸಹಿ ಹಾಕಲು ಒಬ್ಬನೂ ಸಿಗದೆ ಕೊನೆಗೆ ನನ್ನ ಹತ್ತಿರವೇ ಬಂದಿರಿ! "ನಿಮ್ಮನ್ನು ಸೋಲಿಸ್ಲಿಕ್ಕೆ ನಿಮ್ಮದೇ ಸಹಿ ಬೇಕು ಗೌಡ್ರೆ" ಅಂದಿರಿ. ನಗು ತಡೆಯಲಾಗದೆ ಹಾಕಿಬಿಟ್ಟೆ.

ಸೋತಿರಿ. ಮುಂದಿನ ಚುನಾವಣೆಗೂ ನನ್ನದೇ ಸಹಿ, ನಿಮ್ಮದೇ ಸೋಲು. ಊರಿನವರು ನಿಮಗೆ ಸೋಲುವ ಮಾಸ್ಟ್ರು ಅಂತ ಹೆಸರಿಟ್ಟರು, ನಿಮಗೆ ಅದೂ ಖುಷಿಯೇ.

ಓಟು ಎಣಿಸಿದ ಸಂಜೆ ಕಡಬ ಪೇಟೆಯಲ್ಲಿ ಗೋಳಿಬಜೆ ತಿನ್ನುತ್ತಾ ನಾನು ಕೇಳಿದ್ದೆ: "ಎಲ್ಲರೂ ಕೂತು ಮಾತಾಡಿ ಒಪ್ಪಿದ್ರೆ ಅದೂ ಪ್ರಜಾಪ್ರಭುತ್ವ ಅಲ್ವಾ ಮಾಸ್ಟ್ರೇ? ಓಟು ಅಂದ್ರೆ ಸುಮ್ಮನೆ ಜಗಳ." ನೀವು ಚಟ್ನಿ ಒರೆಸಿಕೊಂಡು ಪಾಠ ಶುರು ಮಾಡಿದಿರಿ. "ಹೌದು, ಅದೂ ಒಂದು ಬಗೆ. ಹಿಂದೆ ಗ್ರೀಸಿನವರು ಚೀಟಿ ಎತ್ತಿ ಅಧಿಕಾರ ಕೊಡ್ತಿದ್ರು, ಅದು ಇನ್ನೊಂದು ಬಗೆ. ಬಗೆ ಯಾವುದಾದ್ರೂ ಆಗ್ಲಿ, ನಿಮ್ಮ ಸಭೆಯಲ್ಲಿ ಒಪ್ಪದವ ಎಲ್ಲಿ ಕೂತಿದ್ದ?"

"ಬಾಗಿಲ ಹತ್ತಿರ" ಅಂದೆ.

"ಅವ ಎಂತ ಹೇಳಿದ?"

ಎಂತ ಹೇಳಿದ್ದನೋ, ಕೇಳಿದವರು ಯಾರು...

"ಗಣರಾಜ್ಯ ಅಂದ್ರೆ ರಾಜ ಇಲ್ಲ ಅಂತ ಮಾತ್ರ ಅಲ್ಲ ಮಾರಾಯ್ರೆ" ಅಂದಿರಿ. "ಕುರ್ಚಿಯಲ್ಲಿ ಕೂತವನನ್ನು ಇಳಿಸ್ಲಿಕ್ಕೆ ಆಗ್ತದೆ ಅಂತ ಅವನಿಗೂ ಊರಿಗೂ ನೆನಪಿರ್ಬೇಕು. ನಾನು ನಿಲ್ಲುದು ಅದಕ್ಕೆ." ನಾನು ತಲೆಯಾಡಿಸಿ ಇನ್ನೊಂದು ಪ್ಲೇಟು ಹೇಳಿದೆ.

ಈ ಸಲ ನಾಮಪತ್ರದ ದಿನ ಬಂದಾಗ ಜಗಲಿಯಲ್ಲಿ ಪೆನ್ನು ಇಟ್ಟುಕೊಂಡು ಕೂತಿದ್ದೆ. ಅಭ್ಯಾಸ ನೋಡಿ. ಆಮೇಲೆ ನೆನಪಾಯಿತು, ನೀವು ತೀರಿಹೋಗಿದ್ದೀರಿ. ತುಂಬಾ ಬೇಸರವಾಯಿತು ಮಾಸ್ಟ್ರೇ. ಇನ್ನು ಅವಿರೋಧವೇ ಅಂತ ಎಲ್ಲರೂ ಉಪ್ಪಿಟ್ಟಿನ ಮಾತು ತೆಗೆದಿದ್ದರು. ಅಷ್ಟರಲ್ಲಿ ಭವಾನಿ ನಾಮಪತ್ರ ಹಾಕಿದಳಂತೆ. ನಿಮಗೆ ಗೊತ್ತಲ್ಲ, ಪುತ್ತೂರಿನ ಗೇರುಬೀಜದ ಕಾರ್ಖಾನೆಗೆ ಹೋಗುವವಳು, ಮನೆಯಲ್ಲಿ ಒಂದು ದನ ಇಟ್ಟವಳು. ನೀವು ನಿಂತಾಗ ನಗು ಬಂದಿತ್ತು, ಅವಳು ನಿಂತಾಗ ಸಿಟ್ಟು ಬಂತು. ಯಾಕೆ ಹಾಗೆ? ನೀವು ಸೋಲುತ್ತೀರಿ ಅಂತ ಗೊತ್ತಿದ್ದ ಕಾರಣವೇ?

ಮರುದಿನ ನಮ್ಮ ನಿರ್ದೇಶಕರು ಅವಳನ್ನು ಕರೆದುಕೊಂಡೇ ಬಂದರು. "ನೀವೊಂದು ಮಾತು ಹೇಳಿ ಗೌಡ್ರೆ, ಹಿಂದೆ ತೆಗೀತಾಳೆ." ಎಲ್ಲರೂ ಕುರ್ಚಿಯಲ್ಲಿ ಕೂತರು. ಅವಳು ನಿಂತದ್ದು ಎಲ್ಲಿ ಹೇಳಿ? ಬಾಗಿಲ ಹತ್ತಿರ. ನಿಮ್ಮ ಪ್ರಶ್ನೆ ನನ್ನ ಬಾಯಿಂದಲೇ ಹೊರಟಿತು: "ನಿನಗೆ ಎಂತ ಹೇಳ್ಲಿಕ್ಕುಂಟು ಭವಾನಿ?"

"ನಮ್ಮ ಬಸ್ಸು ಬರುವಾಗ ಸೊಸೈಟಿ ಬಾಗಿಲು ಹಾಕಿರ್ತದೆ ಶೇಷಪ್ಪಣ್ಣ. ಕಾರ್ಖಾನೆಗೆ ಹೋಗುವ ನಾವು ಯಾರೂ ಸಂಜೆ ಹಾಲು ಹಾಕ್ಲಿಕ್ಕೆ ಆಗುದಿಲ್ಲ. ಮಹಾಸಭೆಯಲ್ಲಿ ಹೇಳಿದೆ. ನೀವು 'ನೋಡುವ' ಅಂದ್ರಿ. ಆಚೆ ವರ್ಷವೂ 'ನೋಡುವ' ಅಂದ್ರಿ."

"ಹಾಗಾದ್ರೆ ಹಿಂದೆ ತೆಗೀಬೇಡ" ಅಂದೆ. ನಿರ್ದೇಶಕರ ಮುಖ ನೀವು ನೋಡಬೇಕಿತ್ತು.

ಓಟಾಯಿತು. ಬಸ್ಸಿನ ಹೆಂಗಸರೆಲ್ಲ ರಜೆ ಹಾಕಿ ಬಂದಿದ್ದರು. ಎಲ್ಲರಿಗಿಂತ ಕಡಿಮೆ ಓಟು ಬಿದ್ದದ್ದು ಯಾರಿಗೆ ಗೊತ್ತುಂಟಾ? ನನಗೆ! ಆ ಸಂಜೆ ಕಡಬಕ್ಕೆ ಒಬ್ಬನೇ ಹೋಗಿ ಗೋಳಿಬಜೆ ತಿಂದೆ. ಸೋತ ದಿನವೂ ಅದು ಅಷ್ಟೇ ರುಚಿ ಅಂತ ನೀವು ಹೇಳಿರಲಿಲ್ಲ.

ಈಗ ಭವಾನಿ ನಿರ್ದೇಶಕಿ, ಬಸ್ಸು ಬಂದ ಮೇಲೆಯೇ ಸೊಸೈಟಿಯ ಬಾಗಿಲು ಹಾಕುವುದು. ಕ್ಯಾನು ಹಿಡಿದು ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಸಾಲಿನಲ್ಲಿ ಎಷ್ಟೊಂದು ಮಾತು, ಎಷ್ಟೊಂದು ದೂರು! ಅಧ್ಯಕ್ಷನಾಗಿದ್ದಾಗ ಇದೊಂದೂ ಕಿವಿಗೆ ಬಿದ್ದಿರಲಿಲ್ಲ. ನೆಮ್ಮದಿಯಾಗಿದ್ದೇನೆ.

ಮೊನ್ನೆ ಕೆಲವರು ಭವಾನಿಯ ಹತ್ತಿರ, ಒಳ್ಳೆ ಕೆಲಸ ಮಾಡ್ತಿದ್ದಿ, ಇನ್ನು ಮುಂದೆ ಅವಿರೋಧವೇ ಮಾಡುವ ಅಂತ ಹೇಳುತ್ತಿದ್ದರು. ನಾನು ಸಾಲಿನಿಂದಲೇ ಕೂಗಿದೆ, "ನಾನು ನಿಲ್ತೇನೆ." ಎಲ್ಲರೂ ನಕ್ಕರು. ಗೆಲ್ಲುವುದು ಕಷ್ಟ ಅಂತ ನನಗೂ ಗೊತ್ತು. ಆದರೂ ನಿಲ್ಲುತ್ತೇನೆ ಮಾಸ್ಟ್ರೇ, ಕಾಲಲ್ಲಿ ಬಲ ಇರುವವರೆಗೆ ಪ್ರತಿ ಸಲವೂ.

ಸೂಚಕರು ಯಾರು ಅಂತ ಕೇಳುತ್ತೀರಾ? ಭವಾನಿಯೇ ಸಹಿ ಹಾಕುತ್ತಾಳಂತೆ.

ನಿಮ್ಮ
ಶೇಷಪ್ಪ ಗೌಡ