ಏಳರ ಮಗ್ಗಿ ಕೇಳಿಸಿಕೊಂಡ ಕಳ್ಳನಿಗೆ

ಹಾವೇರಿ, ಫೆಬ್ರವರಿ ಮೂವತ್ತು, ಇಸವಿ ೨೧೦೯

ಮುತ್ತಜ್ಜ ಕೊಟ್ರೇಶ ಅಂಗಡಿ ಅವರಿಗೆ ಮರಿಮೊಮ್ಮಗಳು ಇಂಚರಾ ಬರೆಯುವುದು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಇಲ್ಲದ ಈ ದಿನ ನಮಗೆ ರಜೆಯ ದಿನ. ನನ್ನ ಕೆಲವು ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬೊಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಗೆಳತಿಯರೆಲ್ಲ ಒಳ್ಳೆಯವರಿಗೆ ಬರೆದು ಮುಗಿಸಿದರು. ನನ್ನದನ್ನು ನಿಮ್ಮಂಥವರಿಗೆ ಖರ್ಚು ಮಾಡುತ್ತಿದ್ದೇನೆ.

ನನಗೆ ದನಿಮನೆಯಲ್ಲಿ ಕೆಲಸ. ನಿಮ್ಮ ಕಾಲದವರು ಫೋನಿನಲ್ಲಿ ಆಡಿದ ಮಾತುಗಳಲ್ಲಿ ಉಳಿದವನ್ನೆಲ್ಲ ಅಲ್ಲಿ ಇಟ್ಟಿದ್ದಾರೆ. ಮಗುವಿಗೆ ಹೆಸರಿಡುವ ದಿನ ತೊಟ್ಟಿಲ ಬಳಿ ಮನೆಯ ಹಿರಿಯರ ದನಿ ಕೇಳಿಸುವುದು ಈಗಿನ ರೂಢಿ. ಪಕ್ಕದ ಮನೆಯ ಶಾಂಭವಿಯ ಮುತ್ತಜ್ಜ ಕೊತ್ತಂಬರಿ ತರಲೋ ಬೇಡವೋ ಎಂದು ಹೆಂಡತಿಯನ್ನು ಕೇಳಿದ್ದು ಮಾತ್ರ ಸಿಕ್ಕಿದೆ. ಅಷ್ಟಕ್ಕೇ ಆ ಮನೆಯವರ ಜಂಬ ನೋಡಬೇಕು. ನಿಮ್ಮವು ಇನ್ನೂರ ಹದಿನಾಲ್ಕು ಕರೆಗಳಿವೆ. ಎಲ್ಲದರ ಮೇಲೂ ಪೊಲೀಸರ ಸಾಕ್ಷ್ಯದ ಮುದ್ರೆ. ತಂಡ ಕಟ್ಟಿಕೊಂಡು, ಬ್ಯಾಂಕಿನ ಅಧಿಕಾರಿಯೆಂದು ಹೇಳಿಕೊಂಡು, ಗುಟ್ಟಿನ ನಂಬರ್ ಕೇಳಿ ಜನರ ಖಾತೆ ಬರಿದು ಮಾಡಿದ ಕರೆಗಳು. ಒಂದೂ ಮನೆಗೆ ಮಾಡಿದ್ದಲ್ಲ.

ತೊಂಬತ್ತೊಂದನೆಯ ಕರೆಯನ್ನು ಎಷ್ಟು ಸಲ ಕೇಳಿದ್ದೇನೋ. ಎತ್ತಿದವಳು ಮೂರನೆಯ ತರಗತಿಯ ಹುಡುಗಿ. “ಅವ್ವ ನೀರಿಗೆ ಹೋಗ್ಯಾಳ್ರೀ” ಅನ್ನುತ್ತಾಳೆ. “ಬರಲಿ ತಂಗಿ, ನಾ ಕಾಯ್ತೀನಿ. ಅಲ್ಲೀತನಕ ಏಳರ ಮಗ್ಗಿ ಹೇಳು ನೋಡೂಣು” ಅನ್ನುತ್ತೀರಿ. ಏಳಾರ್ಲೆ ನಲವತ್ತು ಅಂದವಳಿಗೆ “ನಲವತ್ತೆರಡು. ಗಡಿಬಿಡಿ ಮಾಡಬ್ಯಾಡ, ಮತ್ತ ಹೇಳು” ಎಂದು ತಿದ್ದುತ್ತೀರಿ. ಸರಿಯಾಗಿ ಹೇಳಿದಾಗ “ಶಾಣ್ಯಾಕಿ” ಅನ್ನುತ್ತೀರಿ. ಆಮೇಲೆ ಅವ್ವ ಬರುತ್ತಾಳೆ, ನೀವು ಅವಳನ್ನು ದೋಚುತ್ತೀರಿ. ಆ ಹುಡುಗಿಯ ಮೇಲೆ ನನಗೆ ಕನಿಕರ ಬರಬೇಕು. ಬರುವುದು ಹೊಟ್ಟೆಕಿಚ್ಚು. ಮನೆ ಬರಿದಾಯಿತು, ನಿಜ. ಆದರೂ ಅವಳಿಗೆ ನೀವು ನಾಲ್ಕು ನಿಮಿಷ ಸಿಕ್ಕಿದಿರಿ.

ಅದೇ ವರ್ಷ ನಿಮ್ಮ ಮಗಳು ಸೃಷ್ಟಿ, ಅಂದರೆ ನನ್ನ ಅಜ್ಜಿ, ಅವಳೂ ಮೂರನೆಯ ತರಗತಿ. ನೀವು ತಲೆಮರೆಸಿಕೊಂಡ ಮೇಲೆ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಉಣ್ಣುತ್ತಿದ್ದಳಂತೆ. ಯಾರದೇ ಕರೆ ಬರಲಿ, ಹಲೋ ಅನ್ನದೆ “ಅಪ್ಪಾ” ಅನ್ನುತ್ತಿದ್ದಳಂತೆ. ನಾನು ಕಂಡ ಅಜ್ಜಿ ಎಪ್ಪತ್ತು ದಾಟಿದವಳು. ಆಗಲೂ ಕರೆ ಎತ್ತಿದರೆ ತಾನು ಮೊದಲು ಮಾತಾಡುತ್ತಿರಲಿಲ್ಲ, ಆಚೆಯ ದನಿ ಯಾರದೆಂದು ಕಾಯುತ್ತಿದ್ದಳು. ಆ ಹುಡುಗಿಯ ಕರೆ ನನಗೆ ಸಿಕ್ಕಿದ್ದು ಅಜ್ಜಿ ತೀರಿಕೊಂಡ ಮೇಲೆ. ಒಳ್ಳೆಯದೇ ಆಯಿತು, ಕೇಳಿದ್ದರೆ ಅವಳು ತಡೆದುಕೊಳ್ಳುತ್ತಿರಲಿಲ್ಲ.

ಪೊಲೀಸರ ಕಡತದ ಪ್ರಕಾರ ನೀವು ಕೊನೆತನಕ ಸಿಕ್ಕಲಿಲ್ಲ. ಮನೆಗೆ ಫೋನ್ ಮಾಡಲಿಲ್ಲ, ಅದಕ್ಕೇ ತಪ್ಪಿಸಿಕೊಂಡಿರಿ. ನಿಮ್ಮ ಮನೆಯ ನಂಬರಿಗೆ ಪೊಲೀಸರು ಕಿವಿಗೊಟ್ಟು ಕೂತಿದ್ದಾರೆ. ಎರಡು ನಿಮಿಷ ಮಾತಾಡಿದರೆ ನೀವಿರುವ ಜಾಗ ಗೊತ್ತಾಗುತ್ತದೆ. ಇದೆಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ. ಈ ಕಾಗದ ನಿಮ್ಮ ಕೈಗೆ ಬರುವುದು ನೀವು ತಲೆಮರೆಸಿಕೊಂಡ ವರ್ಷದ ಒಂದು ಭಾನುವಾರ ಬೆಳಿಗ್ಗೆ. ಸೃಷ್ಟಿ ಮನೆಯಲ್ಲಿದ್ದಾಳೆ. ಫೋನ್ ಮಾಡಿ. ಹಿಡಿದರೆ ಹಿಡಿಯಲಿ, ಜೈಲಿನಲ್ಲಿದ್ದರೆ ಅವಳು ನೋಡಲಾದರೂ ಬಂದಾಳು. ಎರಡನೆಯ ನಿಮಿಷಕ್ಕೆ ನಿಮ್ಮ ಕೈ ತಾನಾಗಿ ಫೋನ್ ಇಡಲು ಹೋಗುತ್ತದೆ. ಅವಳು ಇಡುವ ಮೊದಲು ನೀವು ಇಡಬೇಡಿ.