ಬಲಗಡೆ ಬರೆದದ್ದು

ಅಕ್ಕಾ,

ನಗ್ತಾ ಕೂತ್ಕೋ ಅಂದಿದ್ದೆಯೋ, ಬಾಯಿ ಮುಚ್ಕೊಂಡು ಕೂತ್ಕೋ ಅಂದಿದ್ದೆಯೋ, ಸರಿಯಾಗಿ ನೆನಪಾಗುತ್ತಿಲ್ಲ. ನಿನ್ನ ಕೈ ನನ್ನ ಮಂಡಿಯ ಮೇಲಿತ್ತು, ಅದು ಮಾತ್ರ ನೆನಪಿದೆ. ಎದುರಿಗೆ, ನಮ್ಮನ್ನು ವಿಚಾರಿಸಲು ಬಂದಿದ್ದ ಕಂದು ಚೀಲದ ಹೆಂಗಸು. ಅವಳು ಏನೇ ಕೇಳಿದರೂ ನಿನ್ನ ಬೆರಳು ಒತ್ತುತ್ತಿದ್ದವು. ಉತ್ತರ ನೀನೇ ಹೇಳುತ್ತಿದ್ದೆ.

ನೀನು ತೀರಿಕೊಂಡು ಹನ್ನೊಂದು ವರ್ಷ. ಇಲ್ಲದವರಿಗೆ ಬರೆಯುವುದರಲ್ಲಿ ಒಂದು ಅನುಕೂಲವಿದೆ, ಮಧ್ಯೆ ಬಾಯಿ ಹಾಕುವುದಿಲ್ಲ. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಹಾಕಿರುತ್ತಿದ್ದೆ.

ನಾನು ಕಾಲೇಜು ಸೇರಿದ್ದೇನೆ. ನಗಬೇಡ. ನಲವತ್ತಾರರಲ್ಲಿ ಸಮಾಜಕಾರ್ಯದ ಪದವಿ, ಎರಡನೆಯ ವರ್ಷ. ಮೊದಲ ದಿನ ಗೇಟಿನ ಕಾವಲುಗಾರ ನನ್ನನ್ನು ಲೆಕ್ಚರರ್ ಅಂದುಕೊಂಡು ಎದ್ದು ನಿಂತಿದ್ದ. ಈಗ ಕೂತೇ ಇರುತ್ತಾನೆ. "ಆಂಟಿ, ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕಿತ್ತು ಈ ತಲೆನೋವು?" ಎಂದು ತರಗತಿಯ ಹುಡುಗಿಯರು ಕೇಳುತ್ತಾರೆ. ಹೊತ್ತು ಹೋಗ್ಲಿ ಅಂತ, ಅನ್ನುತ್ತೇನೆ.

ವಾರಕ್ಕೆರಡು ದಿನ ಮಕ್ಕಳ ರಕ್ಷಣೆಯ ಕಚೇರಿಯಲ್ಲಿ ತರಬೇತಿ. ದೂರು ಬಂದ ಮನೆಗೆ ಅಲ್ಲಿನ ಹಿರಿಯರೊಬ್ಬರ ಜೊತೆ ಹೋಗಿ, ಬಂದು ಬರೆಯಬೇಕು. ಹಾಳೆಯ ನಡುವೆ ಗೀಟು. ಎಡಗಡೆ ಕಂಡದ್ದು, ಕೇಳಿದ್ದು. ಅದರ ನಕಲು ಕಚೇರಿಗೆ. ಬಲಗಡೆ ನಮಗೆ ಅನಿಸಿದ್ದು. ಅದನ್ನು ಕಾಲೇಜಿನ ನಮ್ಮ ಮೇಡಂ ಓದಿ ಹಿಂತಿರುಗಿಸುತ್ತಾರೆ, ಅಷ್ಟೆ. "ಫೈಲಿಗೆ ಕಣ್ಣು ಕಿವಿ ಇರುತ್ತೆ, ಎದೆ ಇರಲ್ಲ. ಎದೇದೆಲ್ಲ ಬಲಗಡೆ ಹಾಕಿ" ಎಂದು ಅವರು ಮೊದಲ ವಾರವೇ ಹೇಳಿದ್ದರು. ನನಗಿಂತ ಹದಿನೈದು ವರ್ಷ ಚಿಕ್ಕವರು.

ಮಂಗಳವಾರ ಒಂದು ಮನೆ, ಮೂರನೆಯ ಮಹಡಿ. ಗೋಡೆಯಾಚೆಯಿಂದ ಏಟಿನ ಸದ್ದು ಕೇಳುತ್ತದೆಂದು ಪಕ್ಕದವರ ದೂರು. ಹಿರಿಯರು ಹೊರಗೆ ತಂದೆಯೊಡನೆ ಮಾತಿಗೆ ನಿಂತರು. ಒಳಗೆ ಆಗಷ್ಟೇ ಒರೆಸಿದ ನೆಲ, ಇಬ್ಬರು ಹುಡುಗಿಯರು, ನಾನು. ಚಿಕ್ಕವಳಿಗೆ ಐದಿರಬಹುದು. ಅವಳನ್ನು ಕೇಳಿದ್ದಕ್ಕೆಲ್ಲ ದೊಡ್ಡವಳು ಉತ್ತರ ಕೊಟ್ಟಳು. "ಇವಳಿಗೆ ನಾಚಿಕೆ ಆಂಟಿ. ನಮ್ಮಪ್ಪ ತುಂಬಾ ಒಳ್ಳೇವ್ರು." ಅವಳ ಕೈ ತಂಗಿಯ ಮಂಡಿಯ ಮೇಲಿತ್ತು. ಬೆರಳು ಒತ್ತುತ್ತಿದ್ದವು.

ಎಡಗಡೆ ಬರೆದೆ: ಮನೆ ಚೊಕ್ಕಟ. ಮಕ್ಕಳು ಶಾಂತ. ಗಾಯ ಕಾಣಲಿಲ್ಲ. ಕೈಯನ್ನು ಬಲಗಡೆ ಬರೆದೆ. ಅದು ನಿನ್ನ ಕೈ, ನಮ್ಮ ಮನೆ, ನನ್ನ ಹಳೆಯ ಹೆದರಿಕೆ. ಫೈಲಿಗೆ ಸಂಬಂಧವಿಲ್ಲ ಅಂದುಕೊಂಡೆ.

ಈಗ ಹಾಳೆ ವಾಪಸು ಬಂದಿದೆ. ಬಲಗಡೆ ಕೆಂಪು ಶಾಯಿ: "ಇದು ಅನಿಸಿದ್ದಾ, ಕಂಡದ್ದಾ? ನನ್ನ ಕ್ಲಾಸ್ ಮುಗೀತಿದ್ದ ಹಾಗೆ ಬಂದು ಹೇಳಿ." ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಆ ಮನೆಯ ಫೈಲು ಮುಚ್ಚುತ್ತಾರೆ. ಮೇಡಂ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಕಂಡದ್ದು ಅಂದರೆ ಕಚೇರಿಯವರು ಮತ್ತೆ ಆ ಮನೆಗೆ ಹೋಗುತ್ತಾರೆ. ಅವರು ಹೊರಟ ಮೇಲೆ ಬಾಗಿಲು ಹಾಕಿಕೊಳ್ಳುತ್ತದೆ. ಆ ಬಾಗಿಲಿನದೇ ಭಯ. ಆವತ್ತು ಚೀಲದ ಹೆಂಗಸು ತಿರುವು ದಾಟುವವರೆಗೂ ಅಪ್ಪ ಪರದೆ ಸರಿಸಿ ನೋಡಿದ. "ಜಾಣೆ" ಎಂದು ನಿನ್ನ ತಲೆ ಸವರಿದ. ಆಮೇಲೆ ಚಿಲಕ ಹಾಕಿದ. ಅಂದಿನಿಂದ ಯಾರು ಕರೆದರೂ ನೀನು ಬಲಗಿವಿ ತಿರುಗಿಸುತ್ತಿದ್ದೆ. ಸುಳ್ಳು ಹೇಳಿಯೂ ಒಂದು ಕಿವಿ ಹೋಯಿತು. ನಿಜ ಹೇಳಿದ್ದರೆ ಏನು ಹೋಗುತ್ತಿತ್ತೋ, ಲೆಕ್ಕ ಹಾಕಲು ನನಗೆ ಇವತ್ತಿಗೂ ಬರುವುದಿಲ್ಲ.

ತರಗತಿ ಬಿಟ್ಟಿದೆ. ಮೇಡಂ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ. ಎಡಗಡೆ ಉಳಿದಿದ್ದ ಜಾಗದಲ್ಲಿ ಬರೆದಿದ್ದೇನೆ: ದೊಡ್ಡ ಹುಡುಗಿಯ ಕೈ ಚಿಕ್ಕವಳ ಮಂಡಿಯ ಮೇಲಿತ್ತು. ಅಕ್ಷರ ಸೊಟ್ಟಗಿವೆ, ಆದರೆ ಓದಬಹುದು. ಆ ಕೈಯ ಅರ್ಥ ನಿಮಗೆ ಹೇಗೆ ಗೊತ್ತು ಎಂದು ಮೇಡಂ ಕೇಳಿದರೆ ನಿನ್ನ ವಿಷಯ ಹೇಳಬೇಕಾಗುತ್ತದೆ. ಕೋಪ ಮಾಡಿಕೊಳ್ಳಬೇಡ.

ಚಿಲಕವಿಲ್ಲದ ಕಡೆ ಸುಖವಾಗಿರು. ಹೋಗಿ ಬರುತ್ತೇನೆ.

ಸದಾ ನಿನ್ನ ಹಿಂದೆಯೇ ಸುತ್ತುತ್ತಿದ್ದ,
ನಿನ್ನ ಬಾಲ

ಆ ಹೆಂಗಸು ಹೊಸ್ತಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದಳಲ್ಲ, ಆಗ ಇನ್ನೊಂದೇ ಒಂದು ಸಲ ಕೇಳಿದ್ದರೆ, ನನ್ನ ಮಂಡಿಯ ಮೇಲಿಂದ ನೀನು ಕೈ ತೆಗೆಯುತ್ತಿದ್ದೆಯಾ, ಅಕ್ಕಾ?