ಚೇಳಿನ ವಿಷ ಮತ್ತು ನೀವು ಕತ್ತರಿಸಿದ ಚಿತ್ರ

ಆರೋಗ್ಯ ಇಲಾಖೆಯ ಪ್ರಚಾರಾಧಿಕಾರಿಗಳೇ,

ಕ್ಯಾನ್ಸರ್ ಆಸ್ಪತ್ರೆಯ ಬಾಗಿಲಲ್ಲಿ ನೀವು ನಿಲ್ಲಿಸಿರುವ ಫಲಕವನ್ನು ನಂಬಿ ನನ್ನ ಅಕ್ಕ ಕಿಮೋ ನಿಲ್ಲಿಸಿದ್ದಾಳೆ. ‘ಚೇಳಿನ ವಿಷಕ್ಕೆ ಕ್ಯಾನ್ಸರ್ ಶರಣು’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದೀರಿ. ಸಾಲು ಚೆನ್ನಾಗಿದೆ, ಕವಿತೆ ಓದುವ ಚಟವಿರುವ ನನಗೂ ಒಂದು ಕ್ಷಣ ಹಿಡಿಸಿತು. ಆದರೆ ಆ ಸಂಶೋಧನೆ ನಡೆಯುತ್ತಿರುವುದು ನಮ್ಮ ಪ್ರಯೋಗಾಲಯದಲ್ಲಿ. ಅಲ್ಲಿ ಇನ್ನೂ ಯಾರೂ ಯಾರಿಗೂ ಶರಣಾಗಿಲ್ಲ.

ಚೇಳಿನ ಬಾಲಕ್ಕೆ ಸಣ್ಣಗೆ ವಿದ್ಯುತ್ ತಾಗಿಸಿದರೆ ಕೊಂಡಿಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಹನಿ ಮೂಡುತ್ತದೆ. ಅದರಿಂದ ಬೇರ್ಪಡಿಸಿದ ಒಂದು ಅಂಶವನ್ನು ಗಾಜಿನ ಬಟ್ಟಲಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಹಾಕಿದೆವು, ಸತ್ತವು. ಪಕ್ಕದ ಬಟ್ಟಲಲ್ಲಿದ್ದ ಆರೋಗ್ಯವಂತ ಕೋಶಗಳಿಗೂ ಹಾಕಿದೆವು, ಅವೂ ಸತ್ತವು. ಆರಿಸಿ ಕೊಲ್ಲುವುದನ್ನು ವಿಷಕ್ಕೆ ಕಲಿಸುವುದೇ ಈಗ ನಮ್ಮ ಕೆಲಸ. ಕಲಿತೀತು ಎಂಬ ಆಸೆ ನನಗಿದೆ. ಯಾವಾಗ ಎಂದು ಕೇಳಬೇಡಿ. ನಿಮಗೆ ಕಳಿಸಿದ್ದು ಎರಡೂ ಬಟ್ಟಲುಗಳ ಚಿತ್ರ. ಫಲಕದಲ್ಲಿರುವುದು ಮೊದಲನೆಯದು ಮಾತ್ರ. ಫೋನಿನಲ್ಲಿ ವಿಚಾರಿಸಿದರೆ ನಿಮ್ಮ ಕಚೇರಿಯವರು, “ಎರಡೂ ಒಂದೇ ಥರ ಕಾಣ್ತಿದ್ವು ಮೇಡಂ, ಜಾಗ ಯಾಕೆ ದಂಡ ಅಂತ ಒಂದು ತೆಗೆದ್ವಿ” ಎಂದರು. ಹೌದು ಸ್ವಾಮಿ, ಒಂದೇ ಥರ ಕಾಣುತ್ತಿದ್ದವು. ನಮ್ಮನ್ನು ಕಂಗೆಡಿಸಿದ್ದೂ ಅದೇ.

“ದಿನಾ ನಿನ್ನ ಕೈಯಲ್ಲಿರೋ ವಸ್ತು ಕಣೇ. ನಂಗೊಂದು ಹನಿ ತರೋಕೆ ಆಗಲ್ವಾ?” ಎಂದು ಅಕ್ಕ ಕೇಳಿದಳು.

“ಅದಿನ್ನೂ ಔಷಧಿ ಅಲ್ಲಕ್ಕಾ, ವಿಷ.”

“ಕಿಮೋ ಏನು ಅಮೃತಾನಾ?”

ಭಾವ ನನ್ನ ಪರ ಮಾತಾಡಲು ಹೋದರು. ಅವಳು ಅವರತ್ತ ತಿರುಗಿ, “ಸರ್ಕಾರ ಅಷ್ಟು ದೊಡ್ಡದಾಗಿ ಸುಳ್ಳು ಬರೆಸುತ್ತೇನ್ರೀ? ಇವಳಿಗೆ ಕೆಲಸ ಹೋಗೋ ಭಯ, ಅಷ್ಟೇ” ಎಂದು ಗೋಡೆಯ ಕಡೆ ಮಗ್ಗುಲಾದಳು.

ಕಿಮೋದಿಂದ ಅವಳ ಗಡ್ಡೆ ಕರಗುತ್ತಿತ್ತು. ಎರಡು ಸರದಿ ತಪ್ಪಿವೆ. ಇನ್ನೊಂದು ತಪ್ಪಿದರೆ ಗಡ್ಡೆ ಮತ್ತೆ ಮೊದಲಿನಷ್ಟೇ ಬೆಳೆಯಬಹುದು ಎಂದು ವೈದ್ಯರು ಹೇಳಿದ್ದಾರೆ. ಭರವಸೆ ಕೊಡುವುದು ಪುಣ್ಯದ ಕೆಲಸವೆಂದು ನೀವು ವಾದಿಸಬಹುದು. ಇರುವ ಆಸರೆಯನ್ನು ಕಿತ್ತುಕೊಂಡು ಕೊಡುವ ಭರವಸೆಗೆ ನಿಮ್ಮ ಇಲಾಖೆಯಲ್ಲಿ ಏನನ್ನುತ್ತಾರೆ?

ಸುಮ್ಮನೆ ಫಲಕ ಇಳಿಸಿದರೆ ಸಾಲದು. ಔಷಧಿ ಖಾಲಿಯಾಗಿದೆ, ಮತ್ತೆ ಬರುತ್ತದೆ ಎಂದುಕೊಂಡು ಕಾಯುತ್ತಾಳೆ ಅವಳು. ಬಿಟ್ಟ ಚಿತ್ರವನ್ನೂ ಹಾಕಿಸಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಬರೆಸಿ: ‘ಇದು ಇನ್ನೂ ಔಷಧಿಯಲ್ಲ. ನಡೆಯುತ್ತಿರುವ ಚಿಕಿತ್ಸೆ ಬಿಡಬೇಡಿ.’ ಸೋಮವಾರ ಅವಳ ಸರದಿ. ಬೈದಾದರೂ ಆ ಬಾಗಿಲವರೆಗೆ ಕರೆತರುವ ಹೊಣೆ ನನ್ನದು. ಅಲ್ಲಿಂದ ಒಳಗೆ ಕಳಿಸುವುದು ನಿಮ್ಮ ಕೈಯಲ್ಲಿದೆ.

ಇಂತಿ,
ಸ್ವಂತ ಅಕ್ಕನ ಮುಂದೆ ಸುಳ್ಳುಗಾತಿಯಾದ ಸಂಶೋಧಕಿ